ಬೀಗದ ಕೈ ಅಂಗಡಿಯ ಬ್ರೆನ್ನರ್ ಮೇಲೊಂದು ದೂರು

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವುದು ಒಂದು ಪಿಂಗಾಣಿ ಕಪ್ಪಿನಲ್ಲಿ. ಅದರ ಹಿಡಿಕೆ ಮುರಿದು ಎಷ್ಟೋ ವರ್ಷವಾಯಿತು. ಮೈಮೇಲೆ ಒಂದು ಚಿತ್ರವಿತ್ತು. ಮೇಜಿನ ಮೇಲೆ ಮಲಗಿಸಿದ ಒಂದು ತಂತಿವಾದ್ಯ, ಅದರ ಮೇಲೆ ಬಗ್ಗಿ ಕೂತ ಒಬ್ಬ ಮುದುಕ. ತಿಕ್ಕಿ ತಿಕ್ಕಿ ಮುದುಕ ಪೂರ್ತಿ ಹೋದ, ವಾದ್ಯ ಮುಕ್ಕಾಲು ಹೋಯಿತು. ಈಗ ಉಳಿದಿರುವುದು ಮೂರೋ ನಾಲ್ಕೋ ನೀಲಿ ಗೀರು. ಅವು ತಂತಿಗಳು ಎಂದು ನನಗೆ ಗೊತ್ತು, ಇನ್ಯಾರಿಗೂ ಗೊತ್ತಾಗುವ ಸಂಭವವಿಲ್ಲ.

ಮೊನ್ನೆ ಮಗಳಿಗೆ ಅಡುಗೆಮನೆ ಚೊಕ್ಕಟ ಮಾಡುವ ಹುಕಿ ಬಂದು, ಆ ಕಪ್ಪನ್ನು ಕಸದ ಬುಟ್ಟಿಯವರೆಗೂ ಒಯ್ದಿದ್ದಳು. "ಅಮ್ಮಾ, ದಾಸ್ ಇಸ್ಟ್ ದೋಖ್ ಕಪುಟ್!" ಎಂದಳು. ಇಲ್ಲೇ ಹುಟ್ಟಿದವಳು. ಒಡೆದದ್ದನ್ನು ಒಡೆದಿದೆ ಎನ್ನುವುದಕ್ಕೂ ಅವಳಿಗೆ ಜರ್ಮನ್ನೇ ಬೇಕು. ನಾನು ಓಡಿಹೋಗಿ ಕಿತ್ತುಕೊಂಡೆ.

"ಕಪುಟ್ ಆಗಿದ್ರ ಆಗ್ಲಿ. ಎಷ್ಟು ಅಕ್ಕಿಗೆ ಎಷ್ಟು ನೀರು ಅಂತ ಈ ಕಪ್ಪಿಗೆ ಗೊತ್ತದ, ಹೊಸಾ ಕಪ್ಪಿಗೆ ಏನ ಗೊತ್ತದ?"

ಅವಳು ಭುಜ ಹಾರಿಸಿ ಹೋದಳು. ನಾನು ಕಪ್ಪನ್ನು ಕೈಯಲ್ಲಿ ಹಿಡಿದು ಅಲ್ಲೇ ಒಲೆಯ ಮುಂದೆ ನಿಂತುಬಿಟ್ಟೆ. ಹೊರಗೆ ನವೆಂಬರಿನ ಮಂಜು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿತ್ತು. ಇಂಥ ಮಂಜಿನಲ್ಲಿ ಯಾವುದು ಈಗಿನದು, ಯಾವುದು ಆಗಿನದು ಎಂದು ನನಗೆ ಸರಿಯಾಗಿ ತಿಳಿಯುವುದಿಲ್ಲ. ಅನ್ನಕ್ಕಿಡುವುದು ಅರ್ಧ ಗಂಟೆ ತಡವಾಯಿತು.

ನಾನು ಧಾರವಾಡದವಳು. ಹೀಗೆಂದ ಕೂಡಲೇ ಜನ ಪೇಡೆ ಎನ್ನುತ್ತಾರೆ, ಇಲ್ಲವೇ ಸಂಗೀತ ಎನ್ನುತ್ತಾರೆ. ನಮ್ಮೂರಿನ ಮೂರನೆಯ ದೊಡ್ಡ ಗುಣವನ್ನು ಯಾರೂ ಹೇಳುವುದಿಲ್ಲ. ಅದು ಗೊಣಗುವುದು. ಸಂಗೀತದ ಬೈಠಕ್ ಮುಗಿದು ಎಲ್ಲರೂ ಬಾಗಿಲ ಬಳಿ ಚಪ್ಪಲಿ ಹುಡುಕುವಾಗ ಅದು ಶುರುವಾಗುತ್ತದೆ. "ಇವತ್ತ ಗಂಧಾರ ಹತ್ತಲೇ ಇಲ್ಲ ಬಿಡ್ರಿ." "ತಬಲಾದಂವಾ ಬಸ್ಸು ಹಿಡಿಯೋ ಅವಸರದಾಗ ಇದ್ದಂಗಿತ್ತು." ಹೀಗೆ ಗೊಣಗುತ್ತ ಮನೆಗೆ ಹೋಗಿ, ಮರುವಾರ ಅದೇ ಗಾಯಕನ ಅದೇ ಬೈಠಕ್ಕಿಗೆ ಅರ್ಧ ಗಂಟೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂರುವವರು ನಮ್ಮ ಜನ. ತಕರಾರು ಇಲ್ಲದವರು ಬರುವುದನ್ನೇ ಬಿಟ್ಟಿರುತ್ತಾರೆ.

ಈ ವಿದ್ಯೆಯಲ್ಲಿ ನಮ್ಮಪ್ಪನದು ಎತ್ತಿದ ಕೈ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಹುಡುಗರ ನೋಟುಬುಕ್ಕಿಗೆ ಬಳಸುತ್ತಿದ್ದ ಕೆಂಪು ಶಾಯಿಯಲ್ಲೇ ರೇಡಿಯೋದಲ್ಲಿ ಹಾಡುವ ಒಬ್ಬ ಬುವಾನಿಗೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಇಂಥ ದಿನ ಮುಂಜಾನೆ ನೀವು ಹಾಡಿದ ತೋಡಿಯಲ್ಲಿ ಇಂಥ ಕಡೆ ಸ್ವರ ಜಾರಿತು, ಎರಡನೆಯ ತಾನಿನಲ್ಲಿ ಉಸಿರು ಸಾಲಲಿಲ್ಲ, ಇತಿ ನಿಮ್ಮ ವಿಶ್ವಾಸಿ. ಬುವಾ ಉತ್ತರ ಬರೆದದ್ದಿಲ್ಲ. ಒಮ್ಮೆ ಅಪ್ಪ ಕಾಮಾಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದರು. ಒಂದು ಸಂಜೆ ಬಾಗಿಲಲ್ಲಿ ಕರಿ ಟೊಪ್ಪಿಗೆಯ ಎತ್ತರದ ಮನುಷ್ಯ ಬಂದು ನಿಂತರು. ಅವರ ದನಿ ಕೇಳಿದ ಕೂಡಲೇ ನನಗೆ ಯಾರೆಂದು ತಿಳಿಯಿತು. ಮುಖ ಕಂಡದ್ದು ಅದೇ ಮೊದಲು.

"ಯಾಕ್ರೀ ಮಾಸ್ತರ, ಎರಡ ತಿಂಗಳಾತು, ಕಾರ್ಡ ಬರಲಿಲ್ಲ. ಆರಾಮ ಅದೀರಿಲ್ಲೋ?"

ಅಪ್ಪ ಹಾಸಿಗೆಯಿಂದಲೇ, "ಹೋದ ಸೋಮವಾರ ಭಾಳ ಕೆಟ್ಟ ಹಾಡಿದ್ರಿ ಬುವಾ" ಎಂದರು. ಬುವಾನ ಮುಖ ಅರಳಿತು. ಕೂತು ಚಹಾ ಕುಡಿದು ಹೋದರು. ನನಗಾಗ ಎಂಟೋ ಒಂಬತ್ತೋ ವರ್ಷ. ದೂರು ಎಂದರೆ ಹೀಗೆ, ಅದು ನಿಂತರೆ ಮನುಷ್ಯ ಹುಡುಕಿಕೊಂಡು ಬರುತ್ತಾನೆ, ಬಂದು ಚಹಾ ಕುಡಿಯುತ್ತಾನೆ ಎಂದು ತಲೆಯಲ್ಲಿ ಕೂತುಬಿಟ್ಟಿತು. ಈ ತಿಳಿವಳಿಕೆಯನ್ನೇ ಕಟ್ಟಿಕೊಂಡು ನಾನು ಜರ್ಮನಿಗೆ ಬಂದೆ.

ಅವು ಜರ್ಮನಿಯೂ ಗ್ರೀನ್ ಕಾರ್ಡು ಕೊಡುತ್ತಿದ್ದ ವರ್ಷಗಳು. ಜರ್ಮನಿಗೆ ಇದ್ದಕ್ಕಿದ್ದಂತೆ ಕಂಪ್ಯೂಟರಿನವರು ಬೇಕಾಗಿದ್ದರು. ನನ್ನ ಗಂಡ ಶ್ರೀಧರ, ಮೈಸೂರಿನವರು, ಕಾರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯಲು ಐದು ವರ್ಷದ ಪರವಾನಗಿಯ ಮೇಲೆ ಬಂದರು. ನಾನು ಅವರ ಹಿಂದೆ ಬಂದೆ. ಮನೆ ಸಿಕ್ಕಿದ್ದು ರೆನ್ನಿಂಗೆನ್ ಎಂಬ ಊರಿನಲ್ಲಿ, ಮೂರನೆಯ ಮಹಡಿ. ಅವರ ಪಾಸ್‌ಪೋರ್ಟಿನಲ್ಲಿ ದುಡಿಯಬಹುದು ಎಂದು ಅಂಟಿಸಿದ್ದರು, ನನ್ನದರಲ್ಲಿ ದುಡಿಯಕೂಡದು ಎಂದು. ನಾಡಿಗೆ ನಾಡೇ ಒಟ್ಟಾಗಿ ನನ್ನನ್ನು ಸುಮ್ಮನೆ ಕೂರು ಎಂದು ಬೇಡಿಕೊಂಡ ಹಾಗೆ. ನಾನು ಸುಮ್ಮನೆ ಕೂತು ಟೀವಿ ನೋಡಿದೆ.

ಈಗ ನೆನೆದರೆ ಆ ದಿನಗಳಿಗೆ ಅಂಚುಗಳೇ ಇಲ್ಲ. ಹೀಟರಿನ ಮೇಲೆ ಒಣಗುವ ಪಂಚೆ, ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆಯುವ ಸದ್ದು, ದೂರದಲ್ಲಿ ಎಸ್‌-ಬಾನ್ ರೈಲು ನಿಂತು ಹೊರಡುವ ಸದ್ದು. ಭಾನುವಾರ ಮಧ್ಯಾಹ್ನ ಸಾರನ್ನ ಉಂಡು ಸೋಫಾದ ಮೇಲೆ ಒರಗಿದರೆ ಅರ್ಧ ನಿದ್ದೆ, ಅರ್ಧ ಜರ್ಮನ್. ಎಷ್ಟೋ ಶಬ್ದಗಳನ್ನು ನಾನು ಕಣ್ಣು ಮುಚ್ಚಿಕೊಂಡೇ ಕಲಿತೆ. ಇವತ್ತಿಗೂ ಕೆಲವು ಜರ್ಮನ್ ಮಾತು ಆಡುವಾಗ ನನಗೆ ಆಕಳಿಕೆ ಬರುತ್ತದೆ.

ಪಕ್ಕದ ಊರಿನಿಂದ ಒಂದು ಸಣ್ಣ ಟೀವಿ ವಾಹಿನಿ ಬರುತ್ತಿತ್ತು. ಸರಕಾರದ್ದಲ್ಲ, ವ್ಯಾಪಾರದವರದ್ದೂ ಅಲ್ಲ. ಊರ ಜನರೇ ಸೇರಿ ನಡೆಸುವಂಥದ್ದು. ಜಾಹೀರಾತು ಇಲ್ಲ. ಅದಕ್ಕೆ ಪ್ರತಿ ನವೆಂಬರಿನಲ್ಲಿ ಒಂದು ವಾರ ದೇಣಿಗೆ ಕೇಳುತ್ತಿದ್ದರು. ಕೇಳುವ ಕ್ರಮ ಸೊಗಸಾಗಿತ್ತು. ಒಳ್ಳೆಯ ಹಳೆಯ ಸಿನಿಮಾ ಹಚ್ಚುವುದು. ಇನ್ನೇನು ನಾಯಕಿ ಕಾಗದ ಒಡೆಯಬೇಕು ಎನ್ನುವಾಗ ಸಿನಿಮಾ ನಿಲ್ಲಿಸುವುದು. ತೆರೆಯ ಮೇಲೆ ಉದ್ದ ಮೇಜು, ಅದರ ಮೇಲೆ ಆರು ಫೋನು, ಫೋನಿನ ಹಿಂದೆ ಆರು ಜನ ನಗುಮುಖದ ಸ್ವಯಂಸೇವಕರು. ಫೋನು ಬರುವವರೆಗೆ ಜನರನ್ನು ರಂಜಿಸಲು ಊರಿನ ಕಲಾವಿದರು. ದೇಣಿಗೆ ಕೊಟ್ಟವರಿಗೆ ಒಂದು ಕಪ್ಪು.

ಆ ಕಲಾವಿದರಲ್ಲಿ ಹೆರ್ ಬ್ರೆನ್ನರ್, ಎಂದರೆ ಬ್ರೆನ್ನರ್ ಸಾಹೇಬರು, ಖಾಯಂ. ಎಪ್ಪತ್ತರ ಹತ್ತಿರದ ಮನುಷ್ಯ. ನುಡಿಸುತ್ತಿದ್ದದ್ದು ತ್ಸಿಟರ್. ನಮ್ಮ ಸ್ವರಮಂಡಲವನ್ನು ದೊಡ್ಡದು ಮಾಡಿ ಮೇಜಿನ ಮೇಲೆ ಮಲಗಿಸಿದ ಹಾಗಿರುತ್ತದೆ. ಎಡಗೈ ತಂತಿ ಒತ್ತುತ್ತದೆ, ಬಲಗೈ ಮೀಟುತ್ತದೆ. ವರ್ಷ ವರ್ಷವೂ ಅವೇ ಮೂರು ಹಾಡು. ಜನ ಫೋನು ಮಾಡಿ ದೇಣಿಗೆ ಕೊಡುತ್ತಿದ್ದರೋ ಇಲ್ಲವೋ, ಸಿನಿಮಾ ಯಾವಾಗ ಮುಂದುವರಿಸುತ್ತೀರಿ ಎಂದಂತೂ ಕೇಳುತ್ತಿದ್ದರು. ನಿರೂಪಕಿ ಆ ತಕರಾರುಗಳನ್ನು ನಗುತ್ತ ಓದಿ ಹೇಳುತ್ತಿದ್ದಳು. ತ್ಸಿಟರ್ ಸಾಕು. ತ್ಸಿಟರ್ ಬದಲು ಬ್ಯಾಂಡ್ ಹಾಕಿ. ನಮ್ಮ ನಾಯಿ ಅಳುತ್ತಿದೆ. ಬ್ರೆನ್ನರ್ ತಲೆಯೆತ್ತುತ್ತಿರಲಿಲ್ಲ.

ನಾನು ಎರಡು ನವೆಂಬರ್ ಅವರನ್ನು ಕೇಳಿದೆ. ನಿಜ ಹೇಳಬೇಕೆಂದರೆ ಅವರಿಗಾಗಿ ಕಾಯುತ್ತಿದ್ದೆ. ಕೈಯಿಂದ ಮೀಟಿದ ತಂತಿಯ ದನಿ ನನಗೆ ಈ ನಾಡಿನಲ್ಲಿ ಸಿಗುತ್ತಿದ್ದುದು ಅಷ್ಟೇ. ಆದರೆ ಎರಡೂ ವರ್ಷ ಒಂದು ತಂತಿ, ಜೊತೆಗೆ ಮಿಡಿಯುವ ತಂತಿಗಳಲ್ಲಿ ಮೂರನೆಯದು, ಕೂದಲೆಳೆಯಷ್ಟು ಕೆಳಗಿತ್ತು. ಪ್ರತಿ ಸಲ ಅಲ್ಲಿ ಕೈ ಹೋದಾಗಲೂ ನನ್ನ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು.

"ಅಲ್ರೀ, ಆ ತಂತಿ ಯಾಕ ಏರಸೂದಿಲ್ಲಾ ಇಂವಾ?" ಎಂದು ಗಂಡನನ್ನು ಕೇಳಿದರೆ, ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಯಾವ ತಂತಿ? ನಂಗೆಲ್ಲಾ ಒಂದೇ ಥರ ಕೇಳ್ಸುತ್ತೆ ಕಣೇ. ಮ್ಯೂಟ್ ಮಾಡ್ಲಾ?" ಎಂದರು. ಈ ಮಾತನ್ನು ನಾನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದರೆ ನನ್ನನ್ನು ವಾಪಸು ಕರೆಸಿಕೊಳ್ಳುತ್ತಿದ್ದರೇನೋ.

ಆಗ ನಾನು ವಾರಕ್ಕೆ ಮೂರು ದಿನ ಬೆಳಿಗ್ಗೆ ಫೋಕ್ಸ್‌ಹೋಖ್‌ಶೂಲೆಗೆ, ಎಂದರೆ ದೊಡ್ಡವರ ಶಾಲೆಗೆ, ಜರ್ಮನ್ ಕಲಿಯಲು ಹೋಗುತ್ತಿದ್ದೆ. ನಮ್ಮ ಟೀಚರ್ ಫ್ರೌ, ಎಂದರೆ ಶ್ರೀಮತಿ, ಲಿಂಡ್ನರ್. ಆ ಭಾಷೆಯ ಪಾಠದಲ್ಲಿ ಒಂದು ಹಂತಕ್ಕೆ ಬಂದಾಗ ದೂರು ಪತ್ರ ಬರೆಯುವುದನ್ನು ಕಲಿಸುತ್ತಾರೆ. ರಜಾ ಅರ್ಜಿ ಬರೆಯಲು ಕಲಿತು ಬೆಳೆದ ನನಗೆ ಇದು ಬಹಳ ಹಿಡಿಸಿತು. ಕೊಂಡ ವಾಷಿಂಗ್ ಮಷೀನು ಸೋರುತ್ತಿದೆ, ಹೋಟೆಲಿನ ಕೋಣೆಯಿಂದ ಸಮುದ್ರ ಕಾಣುತ್ತದೆ ಎಂದಿದ್ದಿರಿ, ಕಂಡದ್ದು ಕಸದ ಡಬ್ಬ. ಇಂಥವು. ಫ್ರೌ ಲಿಂಡ್ನರ್ ಒಂದು ದಿನ, "ಪುಸ್ತಕದ ದೂರು ಸಾಕು, ನಿಮ್ಮದೇ ಒಂದು ನಿಜವಾದ ದೂರು ಬರೆದು ತನ್ನಿ" ಎಂದರು. ಟರ್ಕಿಯ ಹೆಂಗಸು ಮನೆ ಮಾಲೀಕನ ಮೇಲೆ ಬರೆದಳು. ನಾನು ಬ್ರೆನ್ನರ್ ತಂತಿಯ ಮೇಲೆ ಬರೆದೆ.

ಬರೆಯುವಾಗ ನನ್ನೊಳಗೆ ಅಪ್ಪ ಬಂದು ಕೂತಿದ್ದರು. ಮೂರನೆಯ ತಂತಿ ಎಷ್ಟು ಕೆಳಗಿದೆ, ಯಾವ ಹಾಡಿನ ಯಾವ ಜಾಗದಲ್ಲಿ ಅದು ಕೇಳಿಸುತ್ತದೆ, ಎರಡು ವರ್ಷದಿಂದ ಅದು ಹಾಗೇ ಇದೆ ಎಂದು ಒಂದು ಪುಟ ತುಂಬಿಸಿದೆ. ಫ್ರೌ ಲಿಂಡ್ನರ್ ಅಲ್ಪವಿರಾಮಗಳನ್ನು ತಿದ್ದಿ, ತರಗತಿಗೇ ಓದಿ ತೋರಿಸಿದರು. ಅದು ಸಾಲದೆಂದು, "ಇದನ್ನು ಅಂಚೆಗೆ ಹಾಕಲೇಬೇಕು" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಈ ದೇಶದಲ್ಲಿ ನಾನು ಮಾಡಿದ ಮೊದಲ ಕೆಲಸ ಅದು, ಪಾಸ್‌ಪೋರ್ಟು ಏನೇ ಹೇಳಲಿ. ಹಳದಿ ಅಂಚೆ ಡಬ್ಬಕ್ಕೆ ಹಾಕಿ, ಕಾಗದ ಒಳಗೆ ಬಿದ್ದ ಸದ್ದು ಕೇಳಿಸಿಕೊಂಡು ಬಂದೆ. ಇನ್ನೇನು, ನಿರೂಪಕಿ ಅದನ್ನು ಓದುತ್ತಾಳೆ, ಬ್ರೆನ್ನರ್ ತಲೆಯೆತ್ತಿ ನಗುತ್ತಾರೆ, ತಂತಿ ಏರಿಸುತ್ತಾರೆ ಎಂದುಕೊಂಡಿದ್ದೆ.

ಮೂರು ವಾರದ ಮೇಲೆ ಉತ್ತರ ಬಂತು. ದೂರಿಗೆ ಒಂದು ಸಂಖ್ಯೆ ಕೊಟ್ಟಿದ್ದರು. ಗೌರವಾನ್ವಿತ ಫ್ರೌ ಶ್ರೀಧರ, ತಮ್ಮ ದೂರನ್ನು ಕಾರ್ಯಕ್ರಮ ಮಂಡಳಿಯ ಮುಂದೆ ಇಡಲಾಯಿತು. ವಿಷಯವಾರು ಪರಿಶೀಲಿಸಲಾಗಿ ಅದು ಸಮರ್ಥನೀಯವೆಂದು ಕಂಡುಬಂದಿದೆ. ಹೆರ್ ಬ್ರೆನ್ನರ್ ಅವರನ್ನು ದೇಣಿಗೆ ವಾರಕ್ಕೆ ಇನ್ನು ಮುಂದೆ ಆಹ್ವಾನಿಸಲಾಗುವುದಿಲ್ಲ. ತಮ್ಮ ಆಸಕ್ತಿಗೆ ಧನ್ಯವಾದ.

ನಿಘಂಟು ತೆಗೆದು ಮೂರು ಸಲ ಓದಿದೆ. ಬೇರೆ ಅರ್ಥ ಹೊರಡಲಿಲ್ಲ. ನಾಯಿ ಅಳುತ್ತದೆ ಎಂದವರ ಮಾತನ್ನು ಅವರು ಇಷ್ಟು ವರ್ಷ ನಗುತ್ತ ಓದಿ ಬಿಟ್ಟಿದ್ದರು. ನನ್ನದರಲ್ಲಿ ತಂತಿಯ ಸಂಖ್ಯೆ ಇತ್ತು. ಅದಕ್ಕೇ ಅದು ನಾಟಿತು.

"ನಾನೇನ ಅವರನ್ನ ತಗೀರಿ ಅಂದೆನೇನ್ರೀ? ತಂತಿ ಏರಸ್ರಿ ಅಂದೆ ಅಷ್ಟ!"

"ಅಲ್ಲ ಕಣೇ, ಇದು ನಿಮ್ಮ ಧಾರವಾಡ ಅಲ್ಲ. ಇಲ್ಲಿ ಕಂಪ್ಲೇಂಟ್ ಕೊಟ್ರೆ ಆಕ್ಷನ್ ತಗೋತಾರೆ" ಎಂದರು ಗಂಡ. ಸಮಾಧಾನದ ಮಾತೆಂದು ಹೇಳಿದ್ದು. ನನಗೆ ಆ ದಿನ ಊಟ ಸೇರಲಿಲ್ಲ.

ಒಬ್ಬ ಮುದುಕನ ವರ್ಷದ ಒಂದು ಭಾನುವಾರವನ್ನು ನಾನು ಕಸಿದುಕೊಂಡಿದ್ದೆ. ಅದನ್ನು ಅವರಿಗೇ ಹೇಳದೆ ಇರುವುದು ಸಾಧ್ಯವಿರಲಿಲ್ಲ, ಹೇಳುವುದೂ ಸಾಧ್ಯವಿರಲಿಲ್ಲ. ಅವರನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ನಮ್ಮ ಸ್ಟೇಷನ್ನಿನ ಹತ್ತಿರ ಬೀಗದ ಕೈ ಮಾಡುವ, ಬೂಟಿಗೆ ಹಿಮ್ಮಡಿ ಹಚ್ಚುವ ಒಂದು ಗೂಡಂಗಡಿಯಂಥ ಅಂಗಡಿ ಇತ್ತು. ನಾನು ದಿನಾ ಅದರ ಮುಂದೆ ಹಾದುಹೋಗುತ್ತಿದ್ದೆ. ಗಾಜಿನ ಮೇಲೆ ಬ್ರೆನ್ನರ್ ಎಂದು ಬರೆದಿತ್ತು. ಟೀವಿಯ ಮನುಷ್ಯ ಬೂಟು ಹೊಲಿಯಬಹುದೆಂದು ನನಗೆ ಹೊಳೆದಿರಲಿಲ್ಲ ಅಷ್ಟೆ.

ಮೊದಲ ದಿನ ಹೇಳಿಬಿಡಬೇಕೆಂದೇ ಒಳಗೆ ಹೋಗಿ ಎದುರಿಗೆ ನಿಂತೆ. ಪರ್ಸಿನಲ್ಲಿದ್ದ ಕೆಲ್ಲರ್ ಕೀ, ಎಂದರೆ ನೆಲಮಾಳಿಗೆಯ ಬೀಗದ ಕೈ, ತೆಗೆದು ಇಂಥದ್ದೊಂದು ಮಾಡಿಕೊಡಿ ಎಂದೆ. ಮಾಡಿಕೊಟ್ಟರು. ವಾರ ಬಿಟ್ಟು ಮತ್ತೆ ಹೋದೆ, ಮತ್ತೆ ಅದೇ ಆಯಿತು. ಮೂರನೆಯ ಸಲವೂ ಬೀಗದ ಕೈ ಹಿಡಿದುಕೊಂಡೇ ಬಂದೆ.

"ಏನೇ ಇದು? ನಮ್ಗೇನು ನಾಲ್ಕು ಕೆಲ್ಲರ್ ಇದ್ಯಾ? ಇರೋ ಒಂದ್ರಲ್ಲಿ ಎರಡು ಸೂಟ್‌ಕೇಸ್ ಬಿಟ್ರೆ ಏನೂ ಇಲ್ಲ" ಎಂದು ಗಂಡ ತಲೆ ಚಚ್ಚಿಕೊಂಡರು.

ನಾಲ್ಕನೆಯ ಸಲ ಬ್ರೆನ್ನರ್ ತಾವೇ ಕೇಳಿದರು. ಅವರದು ಈ ಸೀಮೆಯ, ಶ್ವಾಬಿಯ ಕಡೆಯ ಆಡುಮಾತು, ನನ್ನ ಪುಸ್ತಕದಲ್ಲಿ ಇಲ್ಲದ್ದು. ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಅವರ ಹುಬ್ಬಿನಿಂದ ತಿಳಿಯಬೇಕಾಗಿತ್ತು. "ನಿಮ್ಮ ಕೆಲ್ಲರಿನಲ್ಲಿ ಏನು ಇಟ್ಟಿದ್ದೀರಿ ಅಮ್ಮಾ, ಬಂಗಾರವೇ?" ಎಂದ ಹಾಗಿತ್ತು. ನನಗೆ ಅಳು ಬಂತು. ಅಳುತ್ತಲೇ ಹೇಳಿದೆ, ಆ ದೂರು ಬರೆದವಳು ನಾನು.

ಅವರು ಯಂತ್ರ ನಿಲ್ಲಿಸಿದರು. ಮೇಜಿನ ಕೆಳಗಿನ ಡ್ರಾಯರು ಎಳೆದು ಒಂದು ಕಾಗದ ತೆಗೆದರು. ನನ್ನ ಪತ್ರದ ಪ್ರತಿ. ಸಂಬಂಧಪಟ್ಟವರಿಗೆ ಒಂದು ಪ್ರತಿ ಕಳಿಸಬೇಕೆಂಬುದು ಅಲ್ಲಿನ ಕ್ರಮ, ಹೆಸರಿನ ಮೇಲೆ ಮಾತ್ರ ಕಪ್ಪು ಬಳಿದಿದ್ದರು.

"ಹತ್ತೊಂಬತ್ತು ವರ್ಷ ನುಡಿಸಿದ್ದೇನೆ" ಎಂದರು ನಿಧಾನವಾಗಿ, ನನಗೆ ತಿಳಿಯುವ ಹಾಗೆ. "ಸಿನಿಮಾ ಯಾವಾಗ ಎಂದು ಎಲ್ಲರೂ ಕೇಳಿದರು. ತಂತಿಯ ಮಾತು ಆಡಿದವರು ನೀವೊಬ್ಬರೇ. ಮೂರನೆಯ ತಂತಿಯ ಗೂಟ ಸವೆದಿದೆ. ನನಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ."

"ನಮ್ಮೂರಲ್ಲಿ ಹೀಗೇ ಬರೆಯುತ್ತಾರೆ" ಎಂದೆ. ನನಗಿದ್ದ ಅಷ್ಟು ಜರ್ಮನ್ ಒಟ್ಟು ಮಾಡಿ ಅಪ್ಪನ ಕಾರ್ಡು, ಬುವಾ, ಚಹಾ ಎಲ್ಲ ಹೇಳಿದೆ.

ಅವರು ಕಾಗದವನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. "ಹಾಗಾದರೆ ನಿಮ್ಮೂರಲ್ಲಿ ದೂರು ಎಂದರೆ ಮತ್ತೆ ಬಾ ಎಂದು. ಇಲ್ಲಿ ಬರಬೇಡ ಎಂದು" ಎಂದರು. ಕೋಪವಿರಲಿಲ್ಲ, ಆದರೆ ನಗಲೂ ಇಲ್ಲ. ಬೀಗದ ಕೈಯ ಬೆಲೆ ತೆಗೆದುಕೊಳ್ಳಲಿಲ್ಲ.

ನಾನು ಮನೆಗೆ ಬಂದು ಎರಡನೆಯ ದೂರು ಬರೆದೆ. ತಂತಿ ಸರಿಯಾಗಿತ್ತು, ನಾನು ತಪ್ಪು ಕೇಳಿಸಿಕೊಂಡೆ ಎಂದು ಬರೆದರೆ ಕೆಲಸ ಸುಲಭವಾಗುತ್ತಿತ್ತು. ಅದಕ್ಕೆ ಪೆನ್ನು ಏಳಲಿಲ್ಲ. ಅಪ್ಪನ ಮಗಳು ಸ್ವರದ ವಿಷಯದಲ್ಲಿ ಸುಳ್ಳು ಬರೆಯುವುದು ಹೇಗೆ? ಆದ್ದರಿಂದ ಹೀಗೆ ಬರೆದೆ. ಮಾನ್ಯರೇ, ಹೆರ್ ಬ್ರೆನ್ನರ್ ಅವರ ಮೂರನೆಯ ತಂತಿ ಕೆಳಗಿದೆ ಎಂಬ ನನ್ನ ದೂರು ಹಾಗೇ ಇದೆ. ಅದರ ಜೊತೆಗೆ, ಹೆರ್ ಬ್ರೆನ್ನರ್ ಬರುವುದಿಲ್ಲ ಎಂಬುದರ ಬಗ್ಗೆ ಈ ಮೂಲಕ ಇನ್ನೊಂದು ದೂರು ಸಲ್ಲಿಸುತ್ತಿದ್ದೇನೆ.

ಫ್ರೌ ಲಿಂಡ್ನರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎರಡನ್ನೂ ಒಟ್ಟಿಗೆ ದೂರುವುದು ಸಾಧ್ಯವಿಲ್ಲ."

"ನಮ್ಮಲ್ಲಿ ಸಾಧ್ಯ" ಎಂದೆ. ಅವರು ನಿಟ್ಟುಸಿರುಬಿಟ್ಟು ಅಲ್ಪವಿರಾಮ ತಿದ್ದಿಕೊಟ್ಟರು.

ದೂರು ಎಂದ ಮೇಲೆ ಅದನ್ನು ಮಂಡಳಿಯ ಮುಂದೆ ಇಡದೆ ವಿಧಿಯಿಲ್ಲ. ಎರಡನೆಯದಕ್ಕೂ ಸಂಖ್ಯೆ ಬಿತ್ತು, ಎರಡನೆಯದೂ ಸಮರ್ಥನೀಯ ಎಂದಾಯಿತು. ಆದರೆ ಮೊದಲನೆಯದು ಇನ್ನೂ ಜೀವಂತ. ಎರಡನ್ನೂ ಉಳಿಸಿಕೊಂಡು ಅವರು ಒಂದು ತೀರ್ಮಾನ ಮಾಡಿದರು. ಹೆರ್ ಬ್ರೆನ್ನರ್ ಬರಬಹುದು. ಪ್ರಸಾರಕ್ಕೆ ಮೊದಲು ದೂರುದಾರರು ಸ್ಟುಡಿಯೋದಲ್ಲಿ ಹಾಜರಿದ್ದು ತಂತಿಗಳನ್ನು ಕೇಳಿ ಒಪ್ಪಿಗೆ ಕೊಡತಕ್ಕದ್ದು.

ಹಾಗೆ ಮುಂದಿನ ನವೆಂಬರಿನ ಒಂದು ಭಾನುವಾರ ನಾನು ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಕಂಕುಳಲ್ಲಿ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಸ್ಟುಡಿಯೋಗೆ ಹೋದೆ. ಮದುವೆಯಲ್ಲಿ ಅಪ್ಪ ಕೊಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು, ಒಂದು ಗುಂಡಿ ಒತ್ತಿದರೆ ತಂಬೂರಿಯ ಹಾಗೆ ಗುಂಯ್ ಎನ್ನುತ್ತದೆ. ಬ್ರೆನ್ನರ್ ಅಷ್ಟರೊಳಗೆ ಹೊಸ ಗೂಟ ತಾವೇ ಕಡೆದು ಹಾಕಿಕೊಂಡಿದ್ದರು. ಪೆಟ್ಟಿಗೆಯ ದನಿ ಕೇಳಿ ಕಣ್ಣು ಮುಚ್ಚಿದರು. ಸ್ಟುಡಿಯೋದ ದೀಪಗಳ ಬಿಸಿಗೆ ನನ್ನ ಕೋಟಿನಿಂದ ಮಂಜಿನ ವಾಸನೆ ಏಳುತ್ತಿತ್ತು. ಗುಂಯ್ ಎನ್ನುವ ಆ ದನಿಯಲ್ಲಿ ಒಂದು ಕ್ಷಣ ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಮೂಲೆಯಲ್ಲಿ ಅಪ್ಪ ಚಪ್ಪಲಿ ಹುಡುಕುತ್ತಿದ್ದಾರೆ ಎನ್ನಿಸಿತು. ಬ್ರೆನ್ನರ್ ಮೂರನೆಯ ತಂತಿಯನ್ನು ಏರಿಸಿದರು, ಇನ್ನೂ ಸ್ವಲ್ಪ ಎಂದೆ, ಏರಿಸಿದರು. ನಾನು ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿದೆ. ಅವತ್ತು ಸಿನಿಮಾ ನಿಲ್ಲಿಸಿದಾಗ ನಾಯಿ ಅಳುತ್ತಿದೆ ಎಂದು ಮತ್ತೆ ಫೋನು ಬಂತು. ಆ ವರ್ಷದ ಕಪ್ಪಿನ ಮೇಲೆ ಬ್ರೆನ್ನರ್ ಚಿತ್ರ ಹಾಕಿದ್ದರು, ನನಗೂ ಒಂದು ಕೊಟ್ಟರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆ ಚಳಿಗಾಲ ನಾನು ಊರಿಗೆ ಹೋಗುವಾಗ ಕಾರ್ಯಕ್ರಮದ ವೀಡಿಯೋ ಕ್ಯಾಸೆಟ್ಟು ಒಯ್ದೆ. ಧಾರವಾಡದ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಪಕ್ಕದ ಮನೆಯವರು, ಎಲ್ಲರ ಗದ್ದಲದ ನಡುವೆ ಅಪ್ಪ ಟೀವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ನೋಡಿದರು. ಎರಡು ಸಲ ನೋಡಿದರು. ಆಮೇಲೆ ಕೆಂಪು ಪೆನ್ನು ಕೇಳಿದರು.

"ಶ್ರುತಿ ಛಲೋ ಅದ. ಖರೇ ಎಡಗೈ ಭಾಳ ಅವಸರ ಮಾಡತದ ವಿಜೂ. ಬಲಗೈ ಇನ್ನೂ ಮೀಟೂದರಾಗ ಎಡಗೈ ಮುಂದಿನ ಮನೀಗೆ ಹೋಗಿ ಕೂತಿರತದ. ಬರೀತೇನಿ, ನೀ ಅವರ ಭಾಷಾದಾಗ ಹೇಳು."

ನಾನು ಅದನ್ನು ಜರ್ಮನಿಗೆ ತಂದು ಅಂಗಡಿಯಲ್ಲಿ ನಿಂತು ಓದಿ ಹೇಳಿದೆ. ಬ್ರೆನ್ನರ್ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮರುತಿಂಗಳು ಅವರೇ ಮನೆಯಲ್ಲಿ ನುಡಿಸಿ ತುಂಬಿಸಿದ ಒಂದು ಆಡಿಯೋ ಕ್ಯಾಸೆಟ್ಟು ನನ್ನ ಕೈಗಿಟ್ಟು, "ನಿಮ್ಮ ತಂದೆಗೆ" ಎಂದರು. ಹಾಗೆ ಶುರುವಾಯಿತು. ಇಲ್ಲಿಂದ ಕ್ಯಾಸೆಟ್ಟು, ಅಲ್ಲಿಂದ ಕೆಂಪು ಅಕ್ಷರದ ಕಾಗದ. ಎಡಗೈ ಇನ್ನೂ ಅವಸರ. ಈ ಸಲ ಸ್ವಲ್ಪ ಕಡಿಮೆ, ಆದರೂ ಅವಸರ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಡುವೆ ನಾನು ಅಂಚೆಯವಳು. ಆ ಕಾಗದಗಳನ್ನು ಅವರು ಓದಲಾಗದಿದ್ದರೂ ಬೀಗದ ಕೈಗಳ ಹಲಗೆಯ ಮೇಲೆ ಸಾಲಾಗಿ ಸಿಕ್ಕಿಸಿಟ್ಟಿದ್ದರು.

ಹೀಗೆ ಎರಡು ವರ್ಷ ನಡೆಯಿತು. ಒಂದು ಮಾರ್ಚ್ ತಿಂಗಳು ಅಣ್ಣನ ಫೋನು ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿಮೂರನೆಯ ದಿನ ಕಳೆದು ವಾಪಸು ಬಂದೆ. ಗಂಡನಿಗೆ ಗೊತ್ತಿತ್ತು, ಅವರೇ ಅಡುಗೆ ಮಾಡಿದರು. ಇಲ್ಲಿ ಇನ್ಯಾರಿಗೂ ನಾನು ಹೇಳಲಿಲ್ಲ. ಸಂತಾಪಕ್ಕೆ ಜರ್ಮನ್ನಿನಲ್ಲಿ ಏನು ಹೇಳಬೇಕೆಂಬುದನ್ನು ಫ್ರೌ ಲಿಂಡ್ನರ್ ಕಲಿಸಿದ್ದರು. ಆದರೆ ಅಪ್ಪ ಇಲ್ಲ ಎನ್ನುವುದನ್ನು ಆ ಭಾಷೆಯಲ್ಲಿ ಹೇಳಿಬಿಟ್ಟರೆ ಅದು ಎರಡೂ ಕಡೆ ಖಾಯಂ ಆಗಿಬಿಡುತ್ತದೆ ಎಂದು ನನಗೆ ಹೆದರಿಕೆ. ಬೀಗದ ಕೈ ಅಂಗಡಿ ತಪ್ಪಿಸಿ ಸ್ಟೇಷನ್ನಿಗೆ ಸುತ್ತು ದಾರಿ ಹಿಡಿದೆ. ಒಂದು ತಿಂಗಳಾಯಿತು, ಎರಡಾಯಿತು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬಾಗಿಲ ಗಂಟೆ ಬಡಿಯಿತು. ಈ ದೇಶದಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಯಾರೂ ಬರುವುದಿಲ್ಲ. ತೆರೆದರೆ ಬ್ರೆನ್ನರ್. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಟೊಪ್ಪಿಗೆ ಕೈಯಲ್ಲಿತ್ತು.

"ಕ್ಷಮಿಸಿ, ಫ್ರೌ ಶ್ರೀಧರ. ಎರಡು ತಿಂಗಳಾಯಿತು, ಕಾಗದ ಬರಲಿಲ್ಲ. ನಿಮ್ಮ ತಂದೆ ಆರೋಗ್ಯವಾಗಿದ್ದಾರೆಯೇ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಪ್ಪ ಹೋದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತದ್ದು ಅವತ್ತು, ಆ ಮನುಷ್ಯನ ಮುಂದೆ. ಧಾರವಾಡದಲ್ಲಿ ಅಷ್ಟು ಜನರ ನಡುವೆ ಬಾರದ ಅಳು ಇಲ್ಲಿ ಮೆಟ್ಟಿಲ ಮೇಲೆ ಬಂತು. ಅವರಿಗೆ ತಿಳಿಯಿತು. ನನ್ನ ಗಂಡ ಎದ್ದು ಬಂದು ಅವರನ್ನು ಒಳಗೆ ಕರೆದು ಕೂರಿಸಿದರು. ನಾನು ಮುಖ ತೊಳೆದು ಚಹಾ ಮಾಡಿ, ಅವರದೇ ಚಿತ್ರವಿದ್ದ ಈ ಕಪ್ಪಿನಲ್ಲಿ ಕೊಟ್ಟೆ. ಆಗ ಹಿಡಿಕೆ ಇತ್ತು.

ಚಹಾ ಮುಗಿದ ಮೇಲೆ ಅವರು ಕೋಟಿನ ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದು, ಇಡುವುದೋ ಬೇಡವೋ ಎಂದು ಅನುಮಾನಿಸುತ್ತ ಮೇಜಿನ ಮೇಲಿಟ್ಟರು. ಹೋದ ತಿಂಗಳು ಅಪ್ಪನಿಗೆಂದು ತುಂಬಿಸಿದ್ದು. ನಾನು ಅದನ್ನು ಪ್ಲೇಯರಿಗೆ ಹಾಕಿದೆ. ಅವೇ ಮೂರು ಹಾಡು. ಮೂವರೂ ಕೇಳುತ್ತ ಕೂತೆವು. ಕಿಟಕಿಯ ಹೊರಗೆ ಬಿಸಿಲು ಎಲೆಗಳ ಮೇಲೆ ಆಡುತ್ತಿತ್ತು. ಮೂರನೆಯ ತಂತಿ ಶ್ರುತಿಯಲ್ಲಿತ್ತು. ಎಡಗೈ ಬಲಗೈಯ ಜೊತೆಜೊತೆಗೇ ನಡೆಯುತ್ತಿತ್ತು. ಎಲ್ಲಿಯೂ ಮುಂದೆ ಓಡಲಿಲ್ಲ, ಒಂದು ಕಡೆಯೂ ಇಲ್ಲ. ಎರಡು ವರ್ಷ ಅಪ್ಪ ಕೆಂಪು ಶಾಯಿಯಲ್ಲಿ ಕೇಳಿದ್ದನ್ನು ಅವರು ಕೊನೆಗೂ ಸಾಧಿಸಿದ್ದರು.

ಹಾಡು ನಿಂತಿತು. ಬ್ರೆನ್ನರ್ ನನ್ನ ಮುಖವನ್ನೇ ನೋಡುತ್ತಿದ್ದರು.

ಸ್ವರದ ವಿಷಯದಲ್ಲಿ ನಾನು ಅದುವರೆಗೆ ಸುಳ್ಳು ಹೇಳಿದವಳಲ್ಲ.

"ಎಡಗೈ ಇನ್ನೂ ಅವಸರ ಮಾಡುತ್ತಿದೆ, ಹೆರ್ ಬ್ರೆನ್ನರ್" ಎಂದೆ.

ಅವರು ತಲೆದೂಗಿದರು. ಜೇಬಿನಿಂದ ಪೆನ್ಸಿಲು ತೆಗೆದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅದನ್ನು ಬರೆದುಕೊಂಡರು. ಬಾಗಿಲಲ್ಲಿ ಟೊಪ್ಪಿಗೆ ಹಾಕಿಕೊಳ್ಳುತ್ತ, ಮುಂದಿನ ತಿಂಗಳು ಇನ್ನೊಂದು ತರುತ್ತೇನೆ ಎಂದರು.